ಕೇರ್ ಆಫ್ 56 ಎಪಿಒ: ಗಡಿಗೆ ರೊಟ್ಟಿ ಕಳಿಸಿದ ನನ್ನ ಅನುಭವ

2016ರ ಫೆಬ್ರುವರಿ 12. ಹುಬ್ಬಳ್ಳಿಯ ನೆಹರೂ ಮೈದಾನದ ಸಾಲಿನಲ್ಲಿ ನಾನೂ ನಿಂತಿದ್ದೆ. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಕೊನೆಯ ಸಲ ನೋಡಲು ಊರಿಗೆ ಊರೇ ಬಂದಿತ್ತು. ಸಿಯಾಚಿನ್‌ನ ಸೋನಮ್ ಪೋಸ್ಟ್, 19,600 ಅಡಿ ಎತ್ತರ. ಫೆಬ್ರುವರಿ 3ರಂದು ಹಿಮ ಕುಸಿದು ಹತ್ತು ಜನ ಅದರಡಿ ಸಿಕ್ಕಿಕೊಂಡಿದ್ದರು. ಆರು ದಿನದ ಮೇಲೆ ಇವರೊಬ್ಬರೇ ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು.

ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ತಾಯಿಯೊಬ್ಬರು ಇದ್ದರು. ಅವರ ಮಗನೂ ಮಿಲಿಟರಿಯಲ್ಲಿ, ಅದೇ ಲಡಾಖ್ ಕಡೆ. ಅತ್ತು ಅತ್ತು ಸುಸ್ತಾಗಿದ್ದರು. ನನ್ನ ಕೈ ಹಿಡಿದು, "ರೊಟ್ಟಿ ಇಲ್ದ ಉಂಡಾವ ಅಲ್ಲ ಯವ್ವಾ ನನ್ನ ಮಗ. ಅಲ್ಲಿ ಏನ ತಿಂತಾನೋ" ಅಂದರು.

ಹಳೇ ಹುಬ್ಬಳ್ಳಿಯಲ್ಲಿ ನಾನು ರೊಟ್ಟಿ ಕೇಂದ್ರ ನಡೆಸುತ್ತೇನೆ. ಆರು ಜನ ಹೆಣ್ಣುಮಕ್ಕಳು ದಿನಾ ರೊಟ್ಟಿ ಬಡಿಯುತ್ತಾರೆ. ಮದುವೆ, ಜಾತ್ರೆ, ಖಾನಾವಳಿ ಎಲ್ಲಕ್ಕೂ ಕೊಡುತ್ತೇವೆ. ಆ ಹುಡುಗನಿಗೆ ಒಂದು ಡಬ್ಬಿ ರೊಟ್ಟಿ ಕಳಿಸುವುದು ಏನು ದೊಡ್ಡ ಕೆಲಸ ಅಂತ ಅನಿಸಿತು. ಅವರ ವಿಳಾಸ ಬರೆದುಕೊಂಡು ಮನೆಗೆ ಬಂದೆ.

ಕೆಲಸ ನಾನು ತಿಳಿದಷ್ಟು ಹಗುರ ಇರಲಿಲ್ಲ. ಮೊದಲನೇ ಪಾರ್ಸೆಲ್ ಒಂದು ಖಾಸಗಿ ಕೊರಿಯರ್‌ಗೆ ಕೊಟ್ಟೆ. ಇಪ್ಪತ್ತು ದಿನ ಬಿಟ್ಟು ವಾಪಸ್ ಬಂತು. ಬಿಚ್ಚಿ ನೋಡಿದರೆ ರೊಟ್ಟಿ ಎಲ್ಲ ಪುಡಿ. ಹಸಿ ಬಳ್ಳೊಳ್ಳಿ ಹಾಕಿದ ಶೇಂಗಾ ಚಟ್ನಿ ಎಣ್ಣೆ ಬಿಟ್ಟು ಇಡೀ ಡಬ್ಬಿ ಕಮಟು ನಾರುತ್ತಿತ್ತು. ಆ ತಾಯಿಗೆ ಏನು ಹೇಳಲಿ? ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ದಾರಿ ತೋರಿಸಿದವರು ಕೇಂದ್ರದ ಹಿಂದಿನ ಓಣಿಯಲ್ಲಿರುವ ನಿವೃತ್ತ ಸುಬೇದಾರರು. ಸೈನಿಕರ ಟಪಾಲಿಗೆ ಸೇನೆಯದ್ದೇ ಬೇರೆ ಅಂಚೆ ವ್ಯವಸ್ಥೆ ಇದೆ, ಅಂಚೆ ಕಚೇರಿಗೇ ಕೊಡಬೇಕು ಅಂದರು. ವಿಳಾಸದಲ್ಲಿ ಸೈನಿಕನ ನಂಬರ್, ರ‍್ಯಾಂಕ್, ಹೆಸರು, ಯೂನಿಟ್, ಕೆಳಗೆ ಕೇರ್ ಆಫ್ 56 ಎಪಿಒ. ಎಪಿಒ ಅಂದರೆ ಆರ್ಮಿ ಪೋಸ್ಟ್ ಆಫೀಸ್, ಸೇನೆಯ ಅಂಚೆ ಕಚೇರಿ. ದೇಶದ ಪೂರ್ವ ಭಾಗದಲ್ಲಿದ್ದರೆ 99 ಎಪಿಒ. ಪಿನ್ ಕೋಡ್ 9ರಿಂದ ಶುರುವಾಗುತ್ತದೆ. ನಮ್ಮ 580ರಂತೆ ಅದು ಯಾವ ಊರನ್ನೂ ಹೇಳುವುದಿಲ್ಲ. ಊರಿನ ಹೆಸರು ಬರೆಯಲೇಬಾರದು. ಯೂನಿಟ್ ಎಲ್ಲಿಗೆ ಹೋದರೂ ಸೇನೆಯ ಅಂಚೆಯವರೇ ಹುಡುಕಿ ತಲುಪಿಸುತ್ತಾರೆ. ಖರ್ಚು ದೇಶದೊಳಗಿನ ಮಾಮೂಲಿ ಪಾರ್ಸೆಲ್ಲಿನಷ್ಟೇ.

ಮತ್ತೊಂದು ಮಾತನ್ನೂ ಅವರು ಗಟ್ಟಿಯಾಗಿ ಹೇಳಿದರು. ವಿಳಾಸ ಬರೆದ ಪಾರ್ಸೆಲ್ಲಿನ ಫೋಟೋ ವಾಟ್ಸಾಪ್ ಸ್ಟೇಟಸ್‌ಗೆ ಹಾಕಬೇಡಿ. ಮನೆಯವರಿಗೆ "ಈಗ ಎಲ್ಲಿದ್ದಾನೆ" ಅಂತ ಕೆದಕಬೇಡಿ. ಅವತ್ತಿನಿಂದ ನಮ್ಮ ಕೇಂದ್ರದಲ್ಲಿ ಇದು ಕಟ್ಟುನಿಟ್ಟು.

ಇನ್ನು ರೊಟ್ಟಿಯ ವಿಷಯ. ಅದೇ ನನ್ನ ಕಸುಬು, ಸ್ವಲ್ಪ ಜಾಸ್ತಿ ಹೇಳುತ್ತೇನೆ. ಮಾಲ್ದಂಡಿ ಬಿಳಿಜೋಳವೇ ಆಗಬೇಕು. ಹಿಟ್ಟು ಹೊಸದಾಗಿ ಬೀಸಿದ್ದಿರಬೇಕು, ಹಳೆಯದಾದರೆ ಜಿಗಿ ಹೋಗಿ ರೊಟ್ಟಿ ಅಂಚು ಬಿರಿಯುತ್ತದೆ. ಎಸರು ಚೆನ್ನಾಗಿ ಮರಳಿಸಿ ನಾದಬೇಕು. ತೆಳ್ಳಗೆ ಬಡಿಯಬೇಕು, ಆದರೆ ಅಂಗಡಿಗೆ ಕೊಡುವಷ್ಟು ತೆಳ್ಳಗೆ ಬೇಡ, ದಾರಿಯಲ್ಲಿ ಮುರಿಯುತ್ತದೆ. ಅಗಲವನ್ನು ಡಬ್ಬಿಯ ಬಾಯಿಗೆ ಸರಿಯಾಗಿ ಹಿಡಿಯಬೇಕು. ಒಲೆ ಮುಂದೆ ನಿಲ್ಲಿಸಿ ಖಡಕ್ ಮಾಡಿದ ಮೇಲೆ ಒಂದು ರಾತ್ರಿ ಪೂರ್ತಿ ಆರಬೇಕು. ಒಳಗೆ ಹಬೆ ಉಳಿದರೆ ಬೂಸ್ಟು ಗ್ಯಾರಂಟಿ. ಇಪ್ಪತ್ತೈದರ ಕಟ್ಟು ಮಾಡಿ, ನಡುನಡುವೆ ಕಾಗದ ಇಟ್ಟು, ಸುತ್ತ ಒಂದು ಹಳೇ ದುಪ್ಪಟಿ ತುಂಡು ತುರುಕಿದರೆ ಅಲುಗಾಡುವುದಿಲ್ಲ. ಡಬ್ಬಿಯ ಮೇಲೆ ಬಿಳಿ ಕೋರಾ ಬಟ್ಟೆ ಹೊಲಿದು, ವಿಳಾಸವನ್ನು ಬಟ್ಟೆಯ ಮೇಲೆ ಒಮ್ಮೆ, ಒಳಗೆ ಚೀಟಿಯಲ್ಲಿ ಒಮ್ಮೆ ಬರೆಯುತ್ತೇವೆ.

ಚಟ್ನಿಯಲ್ಲಿ ಗುರೆಳ್ಳು ಮತ್ತು ಅಗಸಿ ಚೆನ್ನಾಗಿ ತಾಳುತ್ತವೆ. ಬಳ್ಳೊಳ್ಳಿಯನ್ನು ಹುರಿದೇ ಹಾಕಬೇಕು. ಒಣ ಕೊಬ್ಬರಿ ಬೇಡವೇ ಬೇಡ. ಖಾರಕ್ಕೆ ಬ್ಯಾಡಗಿ ಮೆಣಸಿನಕಾಯಿ. ಸಿಹಿಗೆ ಧಾರವಾಡ ಪೇಡೆ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಅಷ್ಟು ದಿನ ಅದು ಉಳಿಯುವುದಿಲ್ಲ. ಮಾದಲಿ ಕಳಿಸಿ, ಅದು ಗೋಧಿ, ಬೆಲ್ಲದ ಪುಡಿ ಸಿಹಿ. ಹಾಲಿನ ಪುಡಿ ಬಿಸಿನೀರಿಗೆ ಹಾಕಿ, ಅದರಲ್ಲಿ ಮಾದಲಿ ಕಲಸಿ ತಿಂದೆವು ಅಂತ ಒಬ್ಬ ಹುಡುಗ ಫೋನಿನಲ್ಲಿ ಹೇಳಿದಾಗ ನಮ್ಮ ಕೇಂದ್ರದಲ್ಲಿ ಎಲ್ಲರೂ ಕೆಲಸ ಬಿಟ್ಟು ಕೇಳಿದೆವು.

ಚಳಿಗಾಲದಲ್ಲಿ ಮೇಲಿನ ದಾರಿಗಳು ಹಿಮದಿಂದ ಮುಚ್ಚುತ್ತವೆ. ಅದಕ್ಕೇ ನವರಾತ್ರಿಯ ಘಟ ಹಾಕುವ ಮುಂಚೆ ಪಾರ್ಸೆಲ್ ಹೊರಡಲೇಬೇಕು. ತೊಂದರೆ ಏನೆಂದರೆ ಆಗ ನಮ್ಮಲ್ಲಿ ಮಳೆ ಹನಿಯುತ್ತಲೇ ಇರುತ್ತದೆ, ಖಡಕ್ ರೊಟ್ಟಿ ಒಂದೇ ದಿನಕ್ಕೆ ಮೆತ್ತಗಾಗುತ್ತದೆ. ಬಿಸಿಲು ಬಿದ್ದ ದಿನ ನೋಡಿ ಬೆಳಗಿನ ಐದಕ್ಕೇ ಒಲೆ ಹಚ್ಚುತ್ತೇವೆ. ಸೂಟಿ ಮುಗಿಸಿ ಹೋಗುವ ಹುಡುಗರ ಟ್ರಂಕಿನಲ್ಲಿ ಜಾಗ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಇಲ್ಲ.

ಆ ತಾಯಿಗೆ ಎರಡನೇ ಪಾರ್ಸೆಲ್ ಹೊರಡುವ ಸುದ್ದಿ ಹೇಳಲು ಅವರ ಮನೆಗೇ ಹೋದೆ. ಅವರು ಒಳಗಿಂದ ತಾವೇ ಮಾಡಿದ ಹತ್ತು ರೊಟ್ಟಿ ತಂದರು. "ಇವನ್ನ ತಳಕ್ಕ ಇಡ್ರೆವ್ವಾ. ಮ್ಯಾಲಿನವು ಗೆಳೆಯಾರಿಗೆ ಹಂಚತಾನ. ತಳದಾಗಿನವು ಅವಂಗ ಉಳೀತಾವ" ಅಂದರು. ನನಗೆ ಇದು ಹೊಳೆದೇ ಇರಲಿಲ್ಲ ಅಲ್ವಾ! ಅಲ್ಲಿ ಹತ್ತು ಜನ ಸೇರಿ ಒಂದು ಸೆಕ್ಷನ್. ಡಬ್ಬಿ ಬಿಚ್ಚಿದರೆ ಹತ್ತು ಕೈ ಒಳಗೆ ಬರುತ್ತವೆ. ಒಬ್ಬನಿಗೆ ಅಂತ ಇಪ್ಪತ್ತು ರೊಟ್ಟಿ ಕಳಿಸಿದರೆ ಅವನಿಗೆ ಸಿಗುವುದು ಎರಡು. ಆಮೇಲೆ ನಾವು ನೂರಕ್ಕೆ ಕಡಿಮೆ ಕಳಿಸಿಲ್ಲ. ಪ್ರತಿ ಮನೆಯಿಂದ ತಾಯಿಯದೋ ಹೆಂಡತಿಯದೋ ಕೈಯ ರೊಟ್ಟಿ ತರಿಸಿಕೊಂಡು ತಳಕ್ಕೆ ಇಡುತ್ತೇವೆ.

ಹೀಗೆ ಮನೆಮನೆಗೆ ಹೋಗುವುದರಿಂದಲೇ ಉಳಿದದ್ದೆಲ್ಲ ತಿಳಿಯಿತು. ಒಬ್ಬ ಹೆಣ್ಣುಮಗಳ ಗಂಡ ಸೇವೆಯಲ್ಲಿರುವಾಗಲೇ ತೀರಿಹೋಗಿದ್ದರು. ನಾನು ಡಬ್ಬಿ, ಸೀರೆ ಹಿಡಿದು ಹೋಗಿದ್ದೆ. ಅವಳು ಸೀರೆ ಪಕ್ಕಕ್ಕೆ ಇಟ್ಟು, "ಅಕ್ಕಾ, ಮನ್ಯಾಗ ಸುಮ್ನ ಕುಂತ್ರ ಹಗಲು ಸರಿಯಂಗಿಲ್ಲ. ನಿಮ್ಮಲ್ಲಿ ಕೆಲಸ ಐತೇನು?" ಅಂತ ಕೇಳಿದಳು. ಏಳು ವರ್ಷದಿಂದ ನಮ್ಮಲ್ಲಿದ್ದಾಳೆ, ಈಗ ಲೆಕ್ಕವೆಲ್ಲ ಅವಳದೇ. ಪಿಂಚಣಿಯ ಸ್ಪರ್ಶ್ ಪೋರ್ಟಲ್‌ನಲ್ಲಿ ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ದಾಖಲೆ ಕೊಡಬೇಕಲ್ಲ, ಅದನ್ನು ಮೊಬೈಲಿನಲ್ಲಿ ಮುಖ ತೋರಿಸಿ ಮಾಡುವುದನ್ನು ಕಲಿತು, ಸೈನಿಕರ ಮುದಿ ತಾಯಂದಿರಿಗೂ ಮಾಡಿಕೊಡುತ್ತಾಳೆ. ರೊಟ್ಟಿ ಬಡಿದು ಬಡಿದು ಬೆರಳ ಗುರುತು ಸವೆದವರಿಗೆ ಇದು ದೊಡ್ಡ ಅನುಕೂಲ.

ಗಡಿಗೆ ಹೋಗುವ ರೊಟ್ಟಿಗೂ ನಾನು ಎಲ್ಲರಿಗೂ ಕೂಲಿ ಕೊಡುತ್ತೇನೆ. ದೇಶಸೇವೆ ಅಂತ ಹೇಳಿ ಬಡ ಹೆಣ್ಣುಮಕ್ಕಳ ಕೈಯಲ್ಲಿ ಪುಕ್ಕಟೆ ದುಡಿಸುವುದು ನನಗೆ ಒಪ್ಪಿಗೆಯಿಲ್ಲ. ಹಿಟ್ಟು, ಅಂಚೆ ಖರ್ಚನ್ನು ಗಿರಾಕಿಗಳು ಹಂಚಿಕೊಳ್ಳುತ್ತಾರೆ. ರೊಟ್ಟಿ ಮಾಡಲು ಬಾರದವರು ಡಿಸೆಂಬರ್ 7ರ ಧ್ವಜ ದಿನಕ್ಕೆ ಕೈಲಾದಷ್ಟು ಕೊಡಿ. 1949ರಿಂದ ನಡೆದುಬಂದ ದಿನ ಅದು, ಹಣ ಸೈನಿಕರ ಕುಟುಂಬಗಳಿಗೇ ಹೋಗುತ್ತದೆ.

ಮೊನ್ನೆ ಒಬ್ಬ ಹುಡುಗ ಸೂಟಿ ಮುಗಿಸಿ ಹೊರಟ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿನಲ್ಲಿ ಅವನ ಬೋಗಿ ಎಲ್ಲೋ ಆ ತುದಿಗೆ. ಅವನು ಟ್ರಂಕು ಹೊತ್ತಿದ್ದ, ಅವನ ತಾಯಿ ಮತ್ತು ನಾನು ಡಬ್ಬಿಯನ್ನು ಆ ಕಡೆ ಈ ಕಡೆ ಹಿಡಿದು ನಡೆದೆವು. ಗಾಡಿ ಅಲುಗಿದ ಮೇಲೆ ಅವರು ಕಿಟಕಿಯ ಹತ್ತಿರ ಓಡುತ್ತಾ ಕೂಗಿದ್ದು ಒಂದೇ ಮಾತು: "ತಳದಾಗಿನವು ನಿನ್ನವು!"