ಕುಕ್ಕೆಯಿಂದ ಕುಮಾರಪರ್ವತ: ಒಂದೇ ದಿನದಲ್ಲಿ ಹತ್ತಿ ಇಳಿಯೋಕೆ ನಾನು ಮಾಡ್ಕೊಳ್ಳೋ ಪ್ಲಾನ್

ಕುಮಾರಪರ್ವತದ ಎತ್ತರ 1712 ಮೀಟರ್. ಲೆಕ್ಕ ನೋಡಿದ್ರೆ ಮುಳ್ಳಯ್ಯನಗಿರಿ 1930, ತಡಿಯಂಡಮೋಳ್ 1748, ಎರಡೂ ಇದಕ್ಕಿಂತ ದೊಡ್ಡವು, ಅದಕ್ಕೇ ಅವನ್ನ ಹತ್ತಿ ಬಂದವ್ರು ಇದೇನ್ ಮಹಾ ಅಂತ ಹೊರಟುಬಿಡ್ತಾರೆ. ಆದ್ರೆ ಅಲ್ಲೆಲ್ಲ ಗಾಡಿನೇ ನಮ್ಮನ್ನ ಸಾಕಷ್ಟು ಮೇಲಕ್ಕೆ ತಂದು ಬಿಡುತ್ತೆ, ಕುಕ್ಕೆ ಸುಬ್ರಹ್ಮಣ್ಯ ಇರೋದು ಸಮುದ್ರಮಟ್ಟದಿಂದ ಹತ್ತಿರ ಹತ್ತಿರ 120 ಮೀಟರಲ್ಲಿ. ಅಂದ್ರೆ ಸುಮಾರು 1600 ಮೀಟರ್ ನಮ್ಮ ಕಾಲಲ್ಲೇ ಹತ್ತಬೇಕು, ಒಂದು ಕಡೆಗೆ 12-13 ಕಿಲೋಮೀಟರ್, ಅಷ್ಟನ್ನೂ ಅವತ್ತೇ ವಾಪಸ್ ಇಳೀಬೇಕು. ಮೇಲೆ ಟೆಂಟ್ ಹಾಕೋಕೆ ಬಿಡಲ್ಲ, ಇದು ಪುಷ್ಪಗಿರಿ ವನ್ಯಜೀವಿ ಧಾಮ.

ಬರೀ ಶಿಖರ ನೋಡ್ಬೇಕು ಅನ್ನೋರಿಗೆ ಸೋಮವಾರಪೇಟೆ ಮೇಲೆ ಹೋಗಿ ಬೀದಳ್ಳಿ ಕಡೆಯಿಂದ ಹತ್ತೋದೇ ಒಳ್ಳೇದು, ದೂರ ಅರ್ಧಕ್ಕರ್ಧ ಕಮ್ಮಿ, ಮೊದಲ ಸಲ ಹೋಗೋರಿಗೆ ನಾನು ಅದನ್ನೇ ಹೇಳೋದು. ಕುಕ್ಕೆ ಕಡೆದು ದಿನಾ ನಡೆದು ಅಭ್ಯಾಸ ಇರೋರಿಗೆ. ಹೋಗೋ ಮುಂಚೆ ಒಂದೂವರೆ ತಿಂಗಳು ನಾನು ಅಪಾರ್ಟ್‌ಮೆಂಟ್ ಮೆಟ್ಟಿಲು ಹತ್ತಿ ಇಳೀತೀನಿ, ಬೆನ್ನಿಗೆ ನೀರು ತುಂಬಿದ ಬ್ಯಾಗ್ ಹಾಕ್ಕೊಂಡೇ. ಇಳಿಯುವಾಗ ಲಿಫ್ಟ್ ಹತ್ತಬಾರದು, ಈ ಬೆಟ್ಟದಲ್ಲಿ ತೊಡೆ ನಡುಗಿಸೋದು ಇಳಿಯೋದೇ.

ಮೊದಲ ಕೆಲಸ ಪರ್ಮಿಟ್. 2024ರ ಜನವರಿ ಕೊನೆಯ ವೀಕೆಂಡ್‌ನಲ್ಲಿ ಇಲ್ಲಿನ ಅರಣ್ಯ ಇಲಾಖೆ ಚೆಕ್‌ಪೋಸ್ಟ್ ಹತ್ರ ಜಾತ್ರೆ ಥರ ಜನ ಸೇರಿದ್ದ ಫೋಟೋ ಎಲ್ರೂ ನೋಡಿರ್ತೀರ, ಆಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್ ಎಲ್ಲ ನಿಲ್ಲಿಸ್ತು. ಈಗ ಅರಣ್ಯ ಇಲಾಖೆಯ ಅರಣ್ಯ ವಿಹಾರ ಪೋರ್ಟಲ್‌ನಲ್ಲಿ ಬುಕ್ ಮಾಡ್ಬೇಕು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಖಾಲಿ ಆಗುತ್ತೆ. ಬುಕ್ ಮಾಡಿದ ಐಡಿ ಕಾರ್ಡನ್ನೇ ತಗೊಂಡ್ಹೋಗಿ. ಮಳೆಗಾಲದಲ್ಲಿ ಬಿಡಲ್ಲ, ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಮುಚ್ತಾರೆ. ಉಳಿಯೋದು ಅಕ್ಟೋಬರ್‌ನಿಂದ ಜನವರಿ. ಅಕ್ಟೋಬರ್‌ನಲ್ಲಿ ಬೆಟ್ಟ ಹಸಿರು, ಆದ್ರೆ ಇಂಬಳ (ನೆಲದ ಜಿಗಣೆ) ಜಾಸ್ತಿ. ನನಗೆ ಡಿಸೆಂಬರ್ ಇಷ್ಟ, ಚಂಪಾಷಷ್ಠಿ ಜಾತ್ರೆ ಹತ್ತಿರದ ದಿನಗಳನ್ನ ಬಿಟ್ಟು, ಆಗ ಕುಕ್ಕೆಯಲ್ಲಿ ಕಾಲಿಡೋಕೂ ಜಾಗ ಇರಲ್ಲ, ರೂಮು ಸಿಗಲ್ಲ.

ಬೆಂಗಳೂರಿಂದ ರಾತ್ರಿ ಟ್ರೈನೂ ಇದೆ, ಆದ್ರೆ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರೋದು ನೆಟ್ಟಣದಲ್ಲಿ, ಅಲ್ಲಿಂದ ಮತ್ತೆ ಜೀಪು ಹಿಡಿದು ಕುಕ್ಕೆಗೆ ಬರಬೇಕು. ಜೊತೆಗೆ ನಿದ್ದೆಗೆಟ್ಟು ಹತ್ತೋದು ಇನ್ನೊಂದು ಕಷ್ಟ. ನಾನು ಹಿಂದಿನ ದಿನ ಮಧ್ಯಾಹ್ನವೇ ಕುಕ್ಕೆ ಸೇರ್ಕೊಂಡು, ರೂಮ್ ಹಿಡಿದು, ಎಂಟೂವರೆಗೆಲ್ಲ ಮಲಗಿಬಿಡ್ತೀನಿ.

ಈಗ ಮುಖ್ಯವಾದ ವಿಷ್ಯ, ಟೈಮು. ಎಷ್ಟು ಗಂಟೆಗೆ ಹೊರಡೋದು ಅಂತ ಎಲ್ರೂ ಕೇಳ್ತಾರೆ, ನಾನು ಮಾತ್ರ ಇಳಿಯೋ ಟೈಮಿಂದ ಹಿಂದಕ್ಕೆ ಲೆಕ್ಕ ಹಾಕ್ತೀನಿ. ಡಿಸೆಂಬರ್‌ನಲ್ಲಿ ಆರು ಗಂಟೆ ಹೊತ್ತಿಗೆ ಸೂರ್ಯ ಮುಳುಗ್ತಾನೆ, ಆದ್ರೆ ದಾರಿ ಮಧ್ಯೆ ಊಟ ಸಿಗೋ ಗಿರಿಗದ್ದೆ ಭಟ್ಟರ ಮನೆಯಿಂದ ಕುಕ್ಕೆವರೆಗೆ ಇರೋದು ದಟ್ಟ ಕಾಡು, ಒಳಗಡೆ ಐದೂವರೆಗೇ ಮಬ್ಬು ಕವಿಯುತ್ತೆ, ದಾರಿ ತುಂಬ ಬೇರು, ಬಿಡಿ ಕಲ್ಲು, ದಣಿದ ಕಾಲು. ಸೋ ಸಂಜೆ ನಾಲ್ಕಕ್ಕೆ ಭಟ್ಟರ ಮನೆ ಬಿಟ್ಟಿರಬೇಕು. ಶಿಖರದಿಂದ ಅಲ್ಲಿಗೆ ಇಳಿಯೋಕೆ ಮೂರೂವರೆ ಗಂಟೆ ಇಟ್ಕೊಂಡ್ರೆ ಹನ್ನೆರಡೂವರೆಗೆ ಶಿಖರಕ್ಕೆ ಬೆನ್ನು ಹಾಕಬೇಕು, ಎಲ್ಲೇ ಇರಿ. ಅದಕ್ಕೆ ಹತ್ತೋ ದಾರೀಲಿ ಸಿಗೋ ಕಲ್ಲುಮಂಟಪ ಹತ್ತು ಗಂಟೆಗೆ, ಆಮೇಲೆ ಶಿಖರಕ್ಕೂ ಮುಂಚೆ ಬರೋ ಬೆಟ್ಟ ಶೇಷಪರ್ವತ ಹನ್ನೊಂದೂಕಾಲಿಗೆ ಮುಟ್ಟಿರಬೇಕು. ಶೇಷಪರ್ವತ ತಲುಪೋಕೆ ಹನ್ನೆರಡು ದಾಟಿದ್ರೆ ಅಲ್ಲೇ ಕೂತು ಊಟ ಮಾಡಿ ವಾಪಸ್, ಇದನ್ನ ಹಿಂದಿನ ರಾತ್ರಿ ರೂಮಲ್ಲೇ ಎಲ್ರ ಹತ್ರ ಒಪ್ಪಿಸ್ಕೊಂಡಿರ್ತೀನಿ, ಮೇಲೆ ಹೋದ್ಮೇಲೆ ಯಾರೂ ಒಪ್ಪಲ್ಲ. ಚೆಕ್‌ಪೋಸ್ಟ್‌ನವರು ಹೇಳೋ ಗಡುವು ಇದಕ್ಕಿಂತ ಬಿಗಿ ಇದ್ರೆ ಅದೇ ಫೈನಲ್.

ಕಳೆದ ಡಿಸೆಂಬರ್ ಭಾವನ ಜೊತೆ ಹೋಗಿದ್ದೆ. ನಸುಕಲ್ಲೇ ಕುಕ್ಕೆ ಬಿಟ್ವಿ. ಕಾಡಿನ ಏರು ಶುರುವಿಂದಲೇ ಕಡಿದಾಗಿದೆ, ಎಲ್ರೂ ಇಲ್ಲೇ ಹುಮ್ಮಸ್ಸಲ್ಲಿ ಓಡಿ ಸುಸ್ತಾಗೋದು, ನಾವು ಮಾತಾಡ್ಕೊಂಡು ಹೋಗೋಷ್ಟು ನಿಧಾನಕ್ಕೆ ಹತ್ತಿದ್ವಿ. ಗಿರಿಗದ್ದೆ ಭಟ್ಟರ ಮನೆ ಬಗ್ಗೆ ಹೇಳ್ಲೇಬೇಕು, ಆ ಕಾಡಿನ ನಡುವೆ ಎಷ್ಟೋ ವರ್ಷಗಳಿಂದ ಹತ್ತೋರಿಗೆಲ್ಲ ಅನ್ನ ಸಾಂಬಾರು ಉಪ್ಪಿನಕಾಯಿ ಮಜ್ಜಿಗೆ ಹಾಕ್ಕೊಂಡು ಬಂದಿರೋ ಮನೆ ಅದು. ಹೋಗ್ತಾನೇ ಊಟಕ್ಕೆ ಇಷ್ಟು ಜನ, ಇಷ್ಟು ಗಂಟೆಗೆ ಬರ್ತೀವಿ ಅಂತ ಹೇಳಿ ಹೋಗ್ಬೇಕು, ಅಕ್ಕಿ ಸಾಮಾನು ಹೊತ್ತು ತರಬೇಕಾದ ಜಾಗದಲ್ಲಿ ಮಾಡಿದ ಅಡುಗೆ ವೇಸ್ಟ್ ಆಗಬಾರದು.

ಚೆಕ್‌ಪೋಸ್ಟ್‌ನಲ್ಲಿ ಬ್ಯಾಗ್ ಬಿಚ್ಚಿಸಿ ಪ್ಲಾಸ್ಟಿಕ್ ನೋಡ್ತಾರೆ. ನಾವು ಚಪಾತಿ, ಚಟ್ನಿಪುಡಿ, ಖರ್ಜೂರ, ಕಿತ್ತಳೆ ಎಲ್ಲ ಡಬ್ಬಿ ಬಟ್ಟೆಚೀಲದಲ್ಲೇ ತಂದಿದ್ವಿ, ಒಂದೇ ನಿಮಿಷದಲ್ಲಿ ಮುಗೀತು. ಗಾರ್ಡ್ ಭಾವನ ಬಾಟಲಿ ಎತ್ತಿ ನೋಡಿ, "ಎಂತ ಮಾರಾಯ್ರೆ, ಇದೊಂದೇ ಲೀಟರಾ? ಮೇಲೆ ನೆರಳಿಲ್ಲ, ತುಂಬಿಸ್ಕೊಳ್ಳಿ" ಅಂದ್ರು. ನನ್ನ ಬ್ಯಾಗಲ್ಲಿ ಭಾವನ ಪಾಲಿಂದೂ ಎರಡು ಲೀಟರ್ ಇತ್ತು. ಅವ್ರು ಹೇಳಿದ್ದು ನೂರಕ್ಕೆ ನೂರು ನಿಜ, ಅಲ್ಲಿಂದ ಮುಂದೆ ಬರೀ ಹುಲ್ಲುಗುಡ್ಡ, ಒಂಬತ್ತೂವರೆಗೇ ಬಿಸಿಲು ಕತ್ತು ಸುಡುತ್ತೆ. ಕಲ್ಲುಮಂಟಪದ ಹತ್ರ ತೊರೆ ಇದೆ, ಆದ್ರೆ ಜನವರಿ ಬಂದ್ರೆ ಸೊರಗುತ್ತೆ, ಅದನ್ನ ನಂಬ್ಕೊಂಡು ಹೊರಡಬೇಡಿ. ತಲೆಗೆ ಮೂರು ಲೀಟರ್, ಒಂದರಲ್ಲಿ ಓಆರ್‌ಎಸ್.

ಶೇಷಪರ್ವತದಲ್ಲಿ ಭಾವ ಕೂತುಬಿಟ್ರು, "ಇದೇ ಟಾಪ್ ಅಂತ ಹೇಳ್ಬಾರ್ದಾ" ಅಂದ್ರು. ಹಾಗೆ ಅನ್ಸೋದು ಸಹಜ, ಅಲ್ಲಿಂದ ನಿಜವಾದ ಶಿಖರ ಎದುರಿಗೆ ಕಾಣುತ್ತೆ, ನಡುವೆ ಇಳಿದು ಶೋಲಾ, ಅಂದ್ರೆ ಬೆಟ್ಟದ ಮಡಿಲಲ್ಲಿರೋ ದಟ್ಟ ಕಾಡು, ದಾಟಿ ಮತ್ತೆ ಹತ್ತಬೇಕು. ಗಡಿಯಾರ ನೋಡಿದ್ವಿ, ಹನ್ನೊಂದೂ ಹತ್ತು, ಹೊರಟ್ವಿ. ಕಾಡಿನ ನೆಲ ಒದ್ದೆ, ಐದು ನಿಮಿಷ ನಿಂತ್ರೆ ಶೂ ಮೇಲೆ ಇಂಬಳ, ಉಪ್ಪಿನ ಪುಟ್ಟ ಗಂಟು ಜೇಬಲ್ಲಿದ್ರೆ ಸಾಕು. ಕಾಡು ಮುಗಿದ ತಕ್ಷಣ ಓರೆ ಬಂಡೆ, ಕೈ ಊರಿ ಹತ್ತಬೇಕು, ಒಣಗಿದ್ರೆ ಭಯ ಇಲ್ಲ, ನೀರು ಜಿನುಗ್ತಿದ್ರೆ ಕಪ್ಪು ಪಾಚಿ ಇರೋ ಕಡೆ ಕಾಲಿಡಲೇಬೇಡಿ, ಒರಟಾಗಿ ಬೆಳ್ಳಗೆ ಕಾಣೋ ಕಡೆನೇ ಹಿಡ್ಕೊಂಡು ಹೋಗಿ. ಮೇಲೆ ಅರ್ಧ ಗಂಟೆ ಕೂತಿದ್ವಿ. ಮೋಡ ಇರ್ಲಿಲ್ಲ, ಕೊಡಗಿನ ಕಡೆ ಬೆಟ್ಟದ ಮೇಲೆ ಬೆಟ್ಟ, ಭಾವ ಅಕ್ಕಂಗೆ ಫೋನ್ ಮಾಡೋಕೆ ನೋಡಿದ್ರು, ಸಿಗ್ನಲ್ ಇಲ್ಲ. ಮ್ಯಾಪ್ ಆಫ್‌ಲೈನ್ ಇಟ್ಕೊಳ್ಳಿ.

ಇಳಿಯೋ ಮುಂಚೆ ಶೂ ಪೂರ್ತಿ ಬಿಚ್ಚಿ ಕಟ್ಟಬೇಕು. ಕಾಲುಚೀಲ ಎಳೆದು, ಹಿಮ್ಮಡಿಯನ್ನ ನೆಲಕ್ಕೆ ಕುಟ್ಟಿ ಹಿಂದಕ್ಕೆ ಸರಿಸಿ, ಪಾದದ ಗಂಟಿನ ಹತ್ರ ಲೇಸ್ ಬಿಗಿ ಮಾಡಿ, ಬೆರಳ ಮೇಲೆ ಸಡಿಲ ಬಿಡಿ. ಹೀಗೆ ಮಾಡಿದ್ರೆ ಇಳಿಜಾರಲ್ಲಿ ಪಾದ ಮುಂದಕ್ಕೆ ಜಾರಲ್ಲ, ಹೆಬ್ಬೆರಳ ಉಗುರು ಕಪ್ಪಾಗಲ್ಲ. ಉಗುರು ಎರಡು ದಿನ ಮುಂಚೆನೇ ಕತ್ತರಿಸಿ. ಕೋಲು ಎರಡಿದ್ರೆ ಮಂಡಿ ಉಳಿಯುತ್ತೆ, ಭಾವನ ಮಂಡಿ ಉಳಿದದ್ದು ಅದರಿಂದಲೇ.

ಶೇಷಪರ್ವತ ದಾಟಿ ಒಂದೂವರೆ ಹೊತ್ತಿಗೆ ಇಳೀತಾ ಇದ್ವಿ, ಕಾಲೇಜು ಹುಡುಗರು ನಾಲ್ಕು ಜನ ಎದುರು ಸಿಕ್ಕಿ "ಅಣ್ಣಾ, ಟಾಪ್ ಇನ್ನೆಷ್ಟು ದೂರ?" ಅಂದ್ರು. ಈ ದಾರೀಲಿ ಎಲ್ರೂ ಪಾಪ ಅಂತ "ಇಲ್ಲೇ, ಹತ್ರ" ಅಂತಾರೆ, ದಯವಿಟ್ಟು ಹಾಗೆ ಹೇಳ್ಬೇಡಿ, ಗಂಟೆ ಲೆಕ್ಕದಲ್ಲೇ ಹೇಳಿ. "ಇನ್ನೂ ಒಂದೂವರೆ ಗಂಟೆ ಬೇಕು ಕಣ್ರೋ, ಮೇಲೆ ಹೋದ್ರೆ ಕಾಡಲ್ಲಿ ಕತ್ತಲಾಗುತ್ತೆ, ಟಾರ್ಚ್ ಇದ್ಯಾ?" ಅಂದೆ. ಇರ್ಲಿಲ್ಲ. ಶೇಷಪರ್ವತದವರೆಗೆ ಹೋಗಿ ತಿರುಗಿ ಅಂದೆ, ಮುಖ ಸಣ್ಣದಾಯ್ತು, ಆದ್ರೂ ಕೇಳಿದ್ರು. ನಾವು ಭಟ್ಟರ ಮನೇಲಿ ಊಟ ಮುಗಿಸೋ ಹೊತ್ತಿಗೆ ಅವ್ರೂ ಬಂದು ಎಲೆ ಮುಂದೆ ಕೂತಿದ್ರು, ನೋಡಿ ಸಮಾಧಾನ ಆಯ್ತು.

ನಮ್ಮ ಬ್ಯಾಗಲ್ಲಿ ಹೆಡ್‌ಲ್ಯಾಂಪ್ ಎರಡಿತ್ತು, ಬೇಕಾಗ್ಲಿಲ್ಲ, ಆದ್ರೂ ಮುಂದಿನ ಸಲವೂ ಹಾಕ್ಕೊಂಡೇ ಹೋಗೋದು. ವಾಪಸ್ ಬಸ್ಸು ಮಾತ್ರ ರಾತ್ರಿ ಒಂಬತ್ತೂವರೆ ಮೇಲಿನದ್ದೇ ಬುಕ್ ಮಾಡಿ, ಏಳು ಗಂಟೆದು ಮಾಡಿದ್ರೆ ಆ ಬಸ್ಸಿಗೋಸ್ಕರ ಕಾಡಲ್ಲಿ ಓಡ್ತೀರ, ಬೀಳೋದು ಆಗಲೇ.