ಹಳೆಯ ಮಾರುತಿ ಸ್ಟೇರಿಂಗಿನ ಟಕ್ ಟಕ್: ರ‍್ಯಾಕ್ ಬಿಚ್ಚುವ ಮೊದಲು ನಾನು ನೋಡುವುದು

ಸ್ಟೇರಿಂಗಿನಲ್ಲಿ ಟಕ್ ಟಕ್ ಶುರುವಾದರೆ ಎಲ್ಲರ ಬಾಯಲ್ಲಿ ಮೊದಲು ಬರುವ ಮಾತು ‘ರ‍್ಯಾಕ್ ಹೋಗಿದೆ’. ಸ್ಟೇರಿಂಗ್ ತಿರುಗಿಸಿದಾಗ ಎಡಬಲಕ್ಕೆ ಸರಿದು ಚಕ್ರ ತಿರುಗಿಸುವ ಹಲ್ಲಿನ ಸರಳೇ ಈ ರ‍್ಯಾಕ್. ಮಾರುತಿ 800, ಪವರ್ ಸ್ಟೇರಿಂಗ್ ಇಲ್ಲದ ಹಳೆಯ ಆಲ್ಟೊಗಳಲ್ಲಿ ನಾನು ರ‍್ಯಾಕನ್ನು ಕೊನೆಗೆ ಮುಟ್ಟುತ್ತೇನೆ. ಕಬ್ಬಿಣದಲ್ಲಿ ಶಬ್ದ ಹರಿದಾಡುತ್ತದೆ. ಎಡಚಕ್ರದ ಹತ್ತಿರ ಹುಟ್ಟಿದ್ದು ಡ್ರೈವರ್ ಕಾಲಬುಡದಲ್ಲಿ ಕೇಳಿಸುತ್ತದೆ. ಕಿವಿಯನ್ನು ನಂಬಿದರೆ ಸುಮ್ಮನೆ ಪಾರ್ಟ್ ಖರ್ಚು.

ಮೊದಲು ಶಬ್ದ ಯಾವಾಗ ಬರುತ್ತದೆ ಎಂದು ನೋಡಬೇಕು. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಹಂಪ್ ಇಳಿದಾಗ ಮಾತ್ರ ‘ದಡ್’ ಅಂದರೆ ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಅಥವಾ ಸ್ಟೆಬಿಲೈಸರ್ ಬಾರ್ ಬುಷ್ (ಜೋಡಣೆಯ ನಡುವಿನ ರಬ್ಬರ್ ಬಳೆ). 800ರಲ್ಲಿ ಲೋವರ್ ಆರ್ಮನ್ನು ಹಿಂದೆ ಮುಂದೆ ಸರಿಯದಂತೆ ಹಿಡಿದಿರುವುದೇ ಆ ಬಾರ್. ಬುಷ್ ಸವೆದರೆ ಬ್ರೇಕ್ ಒತ್ತಿದಾಗಲೂ ಒಂದು ಏಟು ಕೇಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಗಾಡಿ ಓಡಿಸುವಾಗ ಕಟಕಟ ಅಂದರೆ ಅದು ಆಕ್ಸಲ್ ಜಾಯಿಂಟ್, ಸ್ಟೇರಿಂಗಿನದಲ್ಲ. ಕಿತ್ತುಹೋದ ರಸ್ತೆಯಲ್ಲಿ ನೇರ ಹೋಗುವಾಗಲೇ ಸ್ಟೇರಿಂಗ್ ಹಿಡಿದ ಕೈಗೆ ಲೊಟಲೊಟ ತಟ್ಟಿದರೆ ಮಾತ್ರ ಮುಂದಿನ ಕೆಲಸ.

ಗಾಡಿ ನೆಲದ ಮೇಲೇ ಇರಲಿ, ಇಂಜಿನ್ ಆಫ್, ಸ್ಟೇರಿಂಗ್ ಲಾಕ್ ಬಿಟ್ಟಿರಲಿ. ಒಬ್ಬರು ಸ್ಟೇರಿಂಗನ್ನು ಎರಡು ಇಂಚಿನಷ್ಟು ಎಡಕ್ಕೆ ಬಲಕ್ಕೆ ಬೇಗ ಬೇಗ ಆಡಿಸಬೇಕು, ಇನ್ನೊಬ್ಬರು ಒಂದೊಂದೇ ಜಾಯಿಂಟ್ ಮೇಲೆ ಕೈ ಇಡಬೇಕು. ಎಲ್ಲಿ ಪ್ಲೇ (ಸಡಿಲ ಆಟ) ಇದೆಯೋ ಅಲ್ಲಿ ಬೆರಳಿಗೆ ತಟ್ಟುತ್ತದೆ. ನಾನು ಪೆಡಲ್ ಹತ್ತಿರದ ಸ್ಟೇರಿಂಗ್ ಶಾಫ್ಟ್ ಜಾಯಿಂಟಿನಿಂದ ಶುರು ಮಾಡುತ್ತೇನೆ. ಅದರ ಬೋಲ್ಟ್ ಸಡಿಲವಾದರೂ ಸಾಕು, ರ‍್ಯಾಕ್ ಹೋದಂತೆಯೇ ಶಬ್ದ. 25 ನ್ಯೂಟನ್ ಮೀಟರ್ ಬಿಗಿ ಕೊಟ್ಟರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಆಮೇಲೆ ರ‍್ಯಾಕ್ ಕ್ಲ್ಯಾಂಪಿನ ರಬ್ಬರ್, ಟೈ ರಾಡ್ ಎಂಡ್ (ರ‍್ಯಾಕಿನಿಂದ ಚಕ್ರಕ್ಕೆ ಹೋಗುವ ರಾಡಿನ ಹೊರತುದಿಯ ಜಾಯಿಂಟ್). ಆ ರಾಡಿನ ಒಳತುದಿಯ ಬಾಲ್ ಜಾಯಿಂಟ್ ಕಾಣುವುದಿಲ್ಲ, ರಬ್ಬರ್ ಬೂಟನ್ನು ಹೊರಗಿನಿಂದ ಹಿಸುಕಿ ಹಿಡಿದು ನೋಡಬೇಕು. ಬೂಟ್ ಹರಿದಿದ್ದರೆ ಒಳಗೆ ಎರೆಮಣ್ಣು ಗ್ರೀಸಿನ ಜೊತೆ ಕಲೆತು ಜಾಯಿಂಟನ್ನು ಉಜ್ಜಿ ತಿಂದಿರುತ್ತದೆ. ಗದ್ದೆ ಕಡೆ ಓಡಾಡುವ ಗಾಡಿಗಳಲ್ಲಿ ಇದು ಮಾಮೂಲಿ.

ಇನ್ನು ಜಾಕ್, ಅದರ ಜೊತೆ ಸ್ಟ್ಯಾಂಡ್ ಖಂಡಿತ. ಚಕ್ರವನ್ನು ಎಡಬಲಕ್ಕೆ ಹಿಡಿದು ಆಡಿಸಿದಾಗ ಮಾತ್ರ ಪ್ಲೇ ಬಂದರೆ ಟೈ ರಾಡ್ ಕಡೆಯದು. ಮೇಲೆ ಕೆಳಗೆ ಹಿಡಿದು ಆಡಿಸಿದಾಗ ಬಂದರೆ ಲೋವರ್ ಆರ್ಮಿನ ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಬ್ರೇಕ್ ಒತ್ತಿಸಿ ಮತ್ತೆ ಆಡಿಸಿ: ಪ್ಲೇ ಮಾಯವಾದರೆ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ರ‍್ಯಾಕ್. ಪಿನಿಯನ್ (ಸ್ಟೇರಿಂಗ್ ಶಾಫ್ಟಿನ ತುದಿಯ ಹಲ್ಲುಗಾಲಿ) ಬಲಕ್ಕಿರುವುದರಿಂದ ಎಡತುದಿಯನ್ನು ಒಂದು ಪ್ಲಾಸ್ಟಿಕ್ ಬುಷ್ ಹೊತ್ತಿರುತ್ತದೆ. ಎಡಗಡೆ ರಾಡನ್ನು ರ‍್ಯಾಕಿನ ಹತ್ತಿರ ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಟಕ್ ಅಂದರೆ ಅದೇ ಬುಷ್. ಬರೀ ಬುಷ್ ಹಾಕಬಹುದು, ಇಡೀ ರ‍್ಯಾಕ್ ಬೇಕಿಲ್ಲ. ಪಿನಿಯನ್ ಹತ್ತಿರವೇ ಶಬ್ದ ಇದ್ದರೆ ರ‍್ಯಾಕಿನ ಹಿಂದಿನ, ಹಲ್ಲುಗಳ ನಡುವಿನ ಸಂದು ಸರಿಪಡಿಸುವ ಅಡ್ಜಸ್ಟ್ ಸ್ಕ್ರೂ ನೋಡಬೇಕು. ಪೂರ್ತಿ ಬಿಗಿದು ಕಾಲು ಸುತ್ತಿನೊಳಗೆ ಹಿಂದೆ ಬಿಡುವುದು ಕಂಪನಿ ಲೆಕ್ಕ. ಹೆಚ್ಚು ಬಿಗಿದು ಶಬ್ದ ನಿಲ್ಲಿಸುವವರಿದ್ದಾರೆ, ಅದು ಅಪಾಯ. ರ‍್ಯಾಕಿನ ಹಲ್ಲು ಹೆಚ್ಚಾಗಿ ಸವೆಯುವುದು ನಡುವೆ. ನಡುವಿನ ಸವೆತಕ್ಕೆ ಬಿಗಿದರೆ ತುದಿಗಳಲ್ಲಿ ಹಿಡಿದುಕೊಳ್ಳುತ್ತದೆ, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಸ್ಕ್ರೂ ತಿರುಗಿಸಿದ ಮೇಲೆ ಸ್ಟೇರಿಂಗನ್ನು ಎಡತುದಿಯಿಂದ ಬಲತುದಿಯವರೆಗೆ ಪೂರ್ತಿ ತಿರುಗಿಸಿ ನೋಡದೆ ಗಾಡಿ ಹೊರಗೆ ಬಿಡುವುದಿಲ್ಲ.

ಟೈ ರಾಡ್ ಎಂಡ್ ತೆಗೆಯುವಾಗ ಎಷ್ಟು ಸುತ್ತಿನಲ್ಲಿ ಬಿಚ್ಚಿಕೊಂಡಿತು ಎಂದು ಎಣಿಸಿ, ಹೊಸದನ್ನು ಅಷ್ಟೇ ಸುತ್ತು ಹಾಕಿ. ಥ್ರೆಡ್ ಮೇಲೆ ಹೊಡೆಯಬೇಡಿ. ನಕಲ್‌ನ (ಚಕ್ರವನ್ನು ಹೊತ್ತ ತುಂಡಿನ) ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಲ್ಲಿ ಏಟು ಕೊಟ್ಟರೆ ಅದರಲ್ಲಿ ಬಿಗಿದು ಕೂತ ಟೇಪರ್ ತಾನೇ ಬಿಡುತ್ತದೆ. ನಟ್ 43 ನ್ಯೂಟನ್ ಮೀಟರ್, ಸ್ಪ್ಲಿಟ್ ಪಿನ್ ಹೊಸದು. ಸುತ್ತು ಎಣಿಸಿ ಹಾಕಿದರೂ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲವಾದರೆ ಮುಂದಿನ ಟೈರು ಒಂದು ಅಂಚಿನಲ್ಲಿ ಬೇಗ ತಿಂದುಹೋಗುತ್ತದೆ.