ಊರಿನ ಉಪಕೇಂದ್ರಕ್ಕೊಬ್ಬ ಆರೋಗ್ಯಾಧಿಕಾರಿ: ಸಂಘಗಳು ವಿದ್ಯಾರ್ಥಿವೇತನ ಕೊಡುವ ಕ್ರಮ

ಮಂಗಳೂರು, ಮಣಿಪಾಲಗಳಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಕೊರತೆಯಿಲ್ಲ. ಆದರೆ ಅಲ್ಲಿ ಓದಿದ ಅನೇಕರು ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಹತ್ತಾರು ಮಕ್ಕಳಿಗೆ ಶಾಲು, ಸ್ಮರಣಿಕೆ, ಸಣ್ಣ ಮೊತ್ತದ ಲಕೋಟೆ ಕೊಡುವ ಯುವಕ ಮಂಡಲಗಳು ಹಾಗೂ ಭಜನಾ ಮಂಡಳಿಗಳು ಆ ಹಣವನ್ನು ಒಟ್ಟುಗೂಡಿಸಿ, ಬೈಂದೂರು, ಹೆಬ್ರಿ ಅಥವಾ ಸುಳ್ಯ ಕಡೆಯ ಒಬ್ಬರೇ ವಿದ್ಯಾರ್ಥಿಗೆ ಬಿ.ಎಸ್ಸಿ. ನರ್ಸಿಂಗ್‌ನ 4 ವರ್ಷವೂ ನೆರವಾಗುವುದು ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ. ಹಳ್ಳಿಯವರಿಗೆ ಹತ್ತಿರದ ಸಣ್ಣ ಸರ್ಕಾರಿ ಆರೋಗ್ಯ ಕೇಂದ್ರವಾದ ಉಪಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳನ್ನು ನೋಡಿಕೊಳ್ಳುವವರೂ 30 ವರ್ಷ ದಾಟಿದವರಲ್ಲಿ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಗೆ ಮುಂದಾಗುವವರೂ ಸಮುದಾಯ ಆರೋಗ್ಯಾಧಿಕಾರಿಗಳೇ, ಮತ್ತು ಆ ಹುದ್ದೆಗೆ ಒಂದು ದಾರಿ ಈ ಓದು.

ಆಯ್ಕೆಗೆ ಅಂಕಪಟ್ಟಿಯೊಂದೇ ಸಾಲದು. ಮನೆಗೆ ಹೋಗಿ ಮಾತನಾಡಿ. ಅಜ್ಜಿಯೊಬ್ಬರು ತುಳುವಿನಲ್ಲೋ ಕುಂದಗನ್ನಡದಲ್ಲೋ ಹೇಳುವ ನೋವನ್ನು ತಾಳ್ಮೆಯಿಂದ ಕೇಳಬಲ್ಲವರನ್ನು ಆರಿಸಿ. ಕಾಲೇಜಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂತಹ ಮಾನ್ಯ ವಿಶ್ವವಿದ್ಯಾಲಯದ ಸಂಯೋಜನೆಯೂ ನರ್ಸಿಂಗ್ ಪರಿಷತ್ತಿನ ಮಾನ್ಯತೆಯೂ ಇದೆಯೇ ಎಂದು ಮೊದಲೇ ಪರಿಶೀಲಿಸಿ.

ವಿದ್ಯಾರ್ಥಿಯು ಅರ್ಹರಾಗಿದ್ದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಮೊದಲು ಅರ್ಜಿ ಹಾಕಿಸಿ. ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ಪಡೆದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರುವುದನ್ನು ಬ್ಯಾಂಕಿನಲ್ಲೇ ಖಚಿತಪಡಿಸಿಕೊಳ್ಳಿ. ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಅಂಕಪಟ್ಟಿಯಲ್ಲಿ ಹಿಂದೆ ಇದ್ದರೆ ಅದನ್ನೂ ಆಗಲೇ ಸರಿಪಡಿಸಿ. ಸರ್ಕಾರದ ಹಣ ತಲುಪದ ಹಾಸ್ಟೆಲ್, ಸಮವಸ್ತ್ರ, ಬಸ್ಸಿನ ಖರ್ಚನ್ನು ಸಂಘ ಭರಿಸಲಿ. ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟಿ, ಉಳಿದದ್ದನ್ನು ತಿಂಗಳು ತಿಂಗಳು ವಿದ್ಯಾರ್ಥಿಯ ಖಾತೆಗೆ ಹಾಕಿ.

ಒಪ್ಪಂದವನ್ನು ಬಹಳ ಎಚ್ಚರದಿಂದ ಬರೆಯಬೇಕು. ಸಮುದಾಯ ಆರೋಗ್ಯಾಧಿಕಾರಿಗಳನ್ನು ರಾಷ್ಟ್ರೀಯ ಆರೋಗ್ಯ ಅಭಿಯಾನವು ಗುತ್ತಿಗೆಯ ಮೇಲೆ ನೇಮಿಸಿಕೊಳ್ಳುವುದರಿಂದ, ‘ನಮ್ಮೂರಿನಲ್ಲೇ ದುಡಿಯಬೇಕು’ ಎಂಬ ಷರತ್ತನ್ನು ಪಾಲಿಸುವುದು ವಿದ್ಯಾರ್ಥಿಯ ಕೈಯಲ್ಲಿರುವುದಿಲ್ಲ. ಬದಲಾಗಿ, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಈ ಹುದ್ದೆಗಳಿಗೆ ಅರ್ಜಿ ಕರೆದಾಗ ಅರ್ಜಿ ಸಲ್ಲಿಸುವುದು, ಆಯ್ಕೆಯಾದರೆ 2 ವರ್ಷ ಸೇವೆ ಮಾಡುವುದು, ಹುದ್ದೆ ಸಿಗದಿದ್ದರೆ ಋಣಮುಕ್ತರಾಗುವುದು ಎಂದು ಬರೆಯಿರಿ. ನಡುವೆ ಬಿಟ್ಟವರು ಬಡ್ಡಿಯಿಲ್ಲದೆ ಕಂತುಗಳಲ್ಲಿ ಹಣ ಹಿಂದಿರುಗಿಸಲಿ. ಕಾಯಿಲೆ, ಹೆರಿಗೆಗಳಿಗೆ ಅವಧಿ ವಿಸ್ತರಿಸಿ. ಮೂಲ ಅಂಕಪಟ್ಟಿಗಳನ್ನು ಸಂಘದ ಕಪಾಟಿನಲ್ಲಿ ಒತ್ತೆಯಿಟ್ಟುಕೊಳ್ಳುವುದು ಅನ್ಯಾಯ, ಅದನ್ನು ಯಾವ ಕಾರಣಕ್ಕೂ ಮಾಡಬೇಡಿ. ಒಪ್ಪಂದ ಕನ್ನಡದಲ್ಲಿರಲಿ, ತಂದೆ-ತಾಯಿಯೂ ಓದಿ ಸಹಿ ಹಾಕಲಿ.

ಅಂತಿಮ ಪರೀಕ್ಷೆ ಮುಗಿದ ಕೂಡಲೇ ನೆರವು ನಿಲ್ಲಿಸಬೇಡಿ. ಫಲಿತಾಂಶ ಬಂದು, ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿಯಾಗುವವರೆಗೆ ಅವರು ಕೆಲಸಕ್ಕೆ ಸೇರುವಂತಿಲ್ಲ. ಆ ತಿಂಗಳುಗಳ ಖರ್ಚನ್ನೂ ನೋಂದಣಿ ಶುಲ್ಕವನ್ನೂ ಮೊದಲ ವರ್ಷದ ಅಂದಾಜಿನಲ್ಲೇ ಸೇರಿಸಿಡಿ.